ಈ ಮೂವರಲ್ಲಿ ಗಂಡು ಯಾರು?

ಭಾನುವಾರ ಬೆಳಿಗ್ಗೆ ಮೌನೇಶ ಒಂದು ಕೈಯಲ್ಲಿ ಮಿರ್ಚಿ ಹಿಡಿದು ಮಂಡಾಳ ಒಗ್ಗರಣಿಯ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಆ ಕಡೆ ಇದ್ದವರು ಜಾಲಹಳ್ಳಿಯ ಮಲ್ಲಯ್ಯ, ಅವನಿಗೆ ಹೆಣ್ಣು ಹುಡುಕುವ ಹೊಣೆ ಹೊತ್ತ ಹಿರಿಯರು.

"ಮೌನೇಶಪ್ಪಾ, ನೀ ಕಳಿಸಿದ ಮೂರು ಫೋಟೋನೂ ಹುಡುಗಿ ನೋಡಿದ್ಲಪಾ."

"ಏನಂದ್ರು ಅಯ್ಯಾರ?"

"ಈ ಮೂವರೊಳಗ ಗಂಡು ಯಾರು ಅಂತ ಕೇಳಿದ್ಲು."

ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು.

ಹುಡುಗಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಮೊದಲನೆಯ ಫೋಟೋ ರಾಯಚೂರಿನ ಸ್ಟುಡಿಯೋದ್ದು. ನಾಲ್ಕು ದಿಕ್ಕಿನಿಂದ ಲೈಟು ಬಿಟ್ಟು ತೆಗೆದದ್ದರಿಂದ ಮೌನೇಶ ಹಿಟ್ಟಿನ ಗಿರಣಿಯಿಂದ ಈಗಷ್ಟೇ ಹೊರಬಂದವನ ಹಾಗಿದ್ದ. ಎರಡನೆಯದು ಆಫೀಸಿನ ಗುರುತಿನ ಚೀಟಿಯದು. ಟ್ಯೂಬ್‌ಲೈಟಿನ ಕೆಳಗೆ ಕಾಮಾಲೆ ಬಂದು ಹೋದವನ ಬಣ್ಣ. ಮೂರನೆಯದು ಅತ್ತೆಯ ಮಗನ ಮದುವೆಯದು. ವಿಡಿಯೋದವನ ಲೈಟು ಕೆಳಗಿನಿಂದ ಹೊಡೆದು ಮೂಗಿನ ನೆರಳು ಹಣೆ ಹತ್ತಿ ಕೂತಿತ್ತು. ಮೂವರೂ ಮೌನೇಶರೇ ಹೌದು, ಆದರೆ ಒಬ್ಬರಿಗೊಬ್ಬರು ದೂರದ ಸಂಬಂಧಿಕರಂತೆಯೂ ಕಾಣುತ್ತಿರಲಿಲ್ಲ.

"ಇವತ್ತು ತೆಗೆದ ಫೋಟೋ ಬೇಕಂತ" ಎಂದರು ಮಲ್ಲಯ್ಯ. "ಹಗಲ ಬೆಳಕಿನ್ಯಾಗ. ಲೈಟು, ಪೌಡರು ಏನೂ ಬ್ಯಾಡಂತ. ತಾರೀಕು, ಟೈಮು ಫೋಟೋದಾಗೇ ಬಂದಿರಬೇಕಂತ. ಹೋದ ವರ್ಷ ಒಬ್ಬಂವ ಹನ್ನೆರಡು ವರ್ಷದ ಹಳೇ ಫೋಟೋ ಕಳಿಸಿದ್ದ. ಹೆಣ್ಣು ನೋಡಾಕ ಬಂದಾಗ ಈ ಹುಡುಗಿ ಅವನ್ನೇ ಹಿಡಕೊಂಡು 'ನಿಮ್ಮ ಮಗ ಎಲ್ಲಿ ಅದಾನ್ರಿ' ಅಂತ ಕೇಳಿಬಿಟ್ಲು. ಅದಕ್ಕ ಇಷ್ಟೆಲ್ಲ. ಸಂಜಿಗೆ ಸಿಂಧನೂರಿನ ಗಂಡಿನವ್ರಿಗೆ ಮಾತು ಕೊಡೋರದಾರ. ಹೊತ್ತು ಮುಳುಗೋದ್ರಾಗ ನಿಂದು ಬರಲಿಲ್ಲಂದ್ರ ಮುಗೀತು."

ಮೌನೇಶನಿಗೆ ಮೂವತ್ತನಾಲ್ಕು. ಮಾನ್ವಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಾಲ್ಕು ವರ್ಷದಲ್ಲಿ ಏಳು ಹೆಣ್ಣು ನೋಡಿದ್ದ, ಏಳೂ ಕಡೆಯವರು 'ತಿಳಿಸ್ತೀವಿ' ಎಂದವರು ಇನ್ನೂ ತಿಳಿಸುತ್ತಲೇ ಇದ್ದರು. ಈ ಎಂಟನೆಯವಳು ಚಂದ್ರಕಲಾ, ದೇವದುರ್ಗದ ಕಡೆ ಶಾಲೆಯ ಟೀಚರು. ಅವಳ ಫೋಟೋ ಬಂದಂದಿನಿಂದ ಇವನು ಆಫೀಸಿನಲ್ಲಿ ಸಹಿ ಹಾಕುವ ಕಡೆ ಸೀಲು, ಸೀಲು ಒತ್ತುವ ಕಡೆ ಸಹಿ ಹಾಕುತ್ತಿದ್ದ. ಇವಳೂ ತಪ್ಪಿಹೋದರೆ ಗತಿಯೇನು ಎಂಬ ಚಿಂತೆ ಹತ್ತಿತು.

ಅದರ ಜೊತೆಗೇ ಒಂದು ಕುತೂಹಲವೂ ಹುಟ್ಟಿತು. ಹೌದಲ್ಲ, ಈ ಮೂರರಲ್ಲಿ ನನ್ನ ಮುಖ ಯಾವುದು?

ಬಚ್ಚಲಿನ ಬಲ್ಬಿನ ಕೆಳಗೆ ಕನ್ನಡಿ ನೋಡಿದ. ಒಬ್ಬ ಕಂಡ. ಅದೇ ಕನ್ನಡಿಯನ್ನು ಅಂಗಳಕ್ಕೆ ತಂದು ನೋಡಿದ. ಇನ್ನೊಬ್ಬ ಕಂಡ. ಕಂಬದ ನೆರಳಿಗೆ ಸರಿದ. ಇವನನ್ನಂತೂ ಅವನು ಹಿಂದೆಂದೂ ನೋಡಿರಲಿಲ್ಲ. ಕಟ್ಟೆಯ ಮೇಲೆ ಪುಂಡಿಪಲ್ಯ ಸೋಸುತ್ತ ಕೂತಿದ್ದ ಮನೆಯೊಡತಿ ಪಕೀರಮ್ಮನನ್ನೇ ಕೇಳಿದ.

"ಯವ್ವಾ, ನಾ ಹೆಂಗ ಕಾಣ್ತೀನಿ?"

"ಯಾವಾಗ? ಉಣ್ಣೋಕ ಮೊದಲಾ, ಉಂಡ ಮ್ಯಾಲಾ?" ಎಂದಳು ಮುದುಕಿ. ವಿಷಯ ತಿಳಿದದ್ದೇ ತಡ, ಪುಂಡಿಪಲ್ಯ ಅಲ್ಲೇ ಬಿಟ್ಟು ಎದ್ದಳು. ಐದು ನಿಮಿಷದಲ್ಲಿ ಓಣಿಗೆಲ್ಲ ಗೊತ್ತಾಯಿತು.

ಎಲ್ಲರಿಗಿಂತ ಮೊದಲು ಓಡಿಬಂದವರು ಎದುರಿನ ಪಾಶಾ ಡಿಜಿಟಲ್ ಸ್ಟುಡಿಯೋದ ಜಿಲಾನಿ ಪಾಶಾ. ಅವರ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಲೈಟ್ ಬ್ಯಾಡ ಅಂದ್ರಾ? ಯಾ ಅಲ್ಲಾ! ಮೂವತ್ತು ವರ್ಷ ಆತು, ಈ ಮಾನ್ವಿ ಅರ್ಧ ಮದಿವಿ ನನ್ನ ಛತ್ರಿ ಲೈಟಿನ ಕೆಳಗ ಕೂಡ್ಯಾವ. ಸೂರ್ಯಗ 'ಒಂದೀಟು ಎಡಕ್ಕ ಸರಿಯಪಾ' ಅಂದ್ರ ಸರೀತಾನೇನು? ನನ್ನ ಲೈಟ್ ಸರೀತದ."

"ಆದ್ರ ಚಾಚಾ, ಹುಡುಗಿ ಹಗಲ ಬೆಳಕ ಬೇಕು ಅಂದಾಳ."

"ಹಗಲು ತಾನೇ? ಮಾಡಿ ಕೊಡ್ತೀನಿ ಬಾ."

ಪಾಶಾ ಸುಳ್ಳು ಹೇಳುವ ಮನುಷ್ಯನಲ್ಲ. ಸ್ಟುಡಿಯೋದೊಳಗೆ ಏಣಿಯ ಮೇಲೆ ಒಂದು ದೊಡ್ಡ ಲೈಟು ಕಟ್ಟಿ, ಅದಕ್ಕೆ ಹಳದಿ ಹಾಳೆ ಸುತ್ತಿ, ಮುಂದೆ ಹಳೆಯ ಕಿಟಕಿಯೊಂದರ ಚೌಕಟ್ಟು ನಿಲ್ಲಿಸಿದರು. ಗೋಡೆಯ ಮೇಲೆ ಸರಳುಗಳ ನೆರಳು ಬಿತ್ತು. ಬೆಳಗಿನ ಎಳೆಬಿಸಿಲು ಮೌನೇಶನ ಕೆನ್ನೆಗೆ ಬಂದು ಕೂತಿತು. ಅವನಿಗೆ ಪರಮಾಶ್ಚರ್ಯ.

"ಇದು ಎಂಟು ಗಂಟೆ ಸೂರ್ಯ" ಎಂದರು ಪಾಶಾ ಹೆಮ್ಮೆಯಿಂದ. "ಒಂಬತ್ತು ಬೇಕಂದ್ರ ಹೇಳು, ಎರಡು ಮೆಟ್ಟಲ ಏರಸ್ತೀನಿ."

"ಹಂಗಂದ್ರ ಖರೇ ಸೂರ್ಯಗೂ ಇದಕ್ಕೂ ಫರಕ್ ಏನು ಚಾಚಾ?"

ಪಾಶಾ ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಟಪ್ ಎಂದು ಎಂಟು ಗಂಟೆಯ ಸೂರ್ಯ ಮುಳುಗಿದ. ಕರೆಂಟು ಹೋಗಿತ್ತು. ಲೈನ್ ರಿಪೇರಿಯಂತೆ, ಬರುವುದು ಸಂಜೆ ಏಳಕ್ಕಂತೆ ಎಂದು ಹೊರಗೆ ಯಾರೋ ಕೂಗಿ ಹೇಳಿದರು.

"ಶಕ್ತಿನಗರದಾಗ ನಮ್ಮ ಹೊಳಿ ನೀರು ಕುದಿಸಿ ಊರೂರಿಗೆಲ್ಲ ಕರೆಂಟ್ ಕೊಡ್ತಾರ" ಎಂದು ಪಾಶಾ ಕತ್ತಲಲ್ಲಿ ಗೊಣಗಿದರು. "ನನ್ನ ಸೂರ್ಯಗ ಮಾತ್ರ ಇಲ್ಲ."

ತಾರೀಕು, ಟೈಮಿನ ಸಲುವಾಗಿ ಮೌನೇಶ ಗೆಳೆಯ ಅಮರೇಶನಿಗೆ ಫೋನು ಹಚ್ಚಿದ. ಅಮರೇಶ ಪಂಚಾಯಿತಿಯಲ್ಲಿ ಸರ್ಕಾರಿ ಮನೆಗಳ ಫೋಟೋ ತೆಗೆಯುವವನು. ಬುನಾದಿಗೊಂದು, ಗೋಡೆಗೊಂದು, ಮಾಳಿಗೆಗೊಂದು, ಪ್ರತಿ ಹಂತಕ್ಕೂ ಮನೆಯ ಯಜಮಾನನನ್ನು ಮುಂದೆ ನಿಲ್ಲಿಸಿ ತೆಗೆಯಬೇಕು. ಅವನ ಫೋನಿನಲ್ಲಿ ತೆಗೆದರೆ ಊರು, ತಾರೀಕು, ಟೈಮು, ಕೊನೆಗೆ 'ತೆಗೆದವರು: ಅಮರೇಶ' ಎಂದು ಫೋಟೋದ ಕೆಳಗೆ ತಾನಾಗಿಯೇ ಅಚ್ಚಾಗುತ್ತಿತ್ತು. ಹುಡುಗ ಬಲು ಮಿತಭಾಷಿ. ಅವನಿಗೂ ಮದುವೆಯಾಗಿರಲಿಲ್ಲ, ಆದರೆ ಅವನಿಗೆ ಅದರ ಅವಸರವೂ ಇದ್ದಂತಿರಲಿಲ್ಲ.

ಅವನು ಬಂದಾಗ ಮಧ್ಯಾಹ್ನ ಒಂದು ಗಂಟೆ. ರಾಯಚೂರು ಸೀಮೆಯ ಏಪ್ರಿಲ್ ಬಿಸಿಲು ನೆತ್ತಿಯ ಮೇಲೆ ಸುರಿಯುತ್ತಿತ್ತು.

"ಅಣ್ಣಾ, ಈಗ ಬ್ಯಾಡ. ಐದು ಗಂಟೆ ಆಗ್ಲಿ" ಎಂದ.

ಅವನ ಮಾತು ಯಾರು ಕೇಳಬೇಕು? ಅಷ್ಟೊತ್ತಿಗೆ ಪಕೀರಮ್ಮ ಓಣಿಯ ನಡುವೆ ಕುರ್ಚಿ ಹಾಕಿಸಿಯಾಗಿತ್ತು. ಮೊದಲ ಫೋಟೋದಲ್ಲಿ ಮೌನೇಶನ ಕಣ್ಣಿದ್ದ ಕಡೆ ಜೋಳ ತುಂಬುವ ಹಗೇವಿನಂಥ ಎರಡು ಕಪ್ಪು ತಗ್ಗು.

"ಹೆಣ್ಣು ಕೇಳಾಕ ಬಂದಂಗಿಲ್ಲ, ಜಗಳಾಕ ಬಂದಂಗ ಅದಾನ" ಎಂದಳು ಪಕೀರಮ್ಮ.

"ಮ್ಯಾಲಿನ ಬಿಸಿಲು ಸೋಸಬೇಕು" ಎಂದರು ಪಾಶಾ. ಲೈಟು ಹೋದರೇನು, ವಿದ್ಯೆ ಹೋದೀತೆ? ಬಿಳಿ ಧೋತರವೊಂದನ್ನು ತರಿಸಿ, ನಾಲ್ಕು ಮಂದಿಗೆ ನಾಲ್ಕು ಮೂಲೆ ಹಿಡಿಸಿ, ಮೌನೇಶನ ತಲೆಯ ಮೇಲೆ ಚಪ್ಪರದಂತೆ ನಿಲ್ಲಿಸಿದರು. ಮುಖಕ್ಕೆ ಕೆಳಗಿನಿಂದ ಬೆಳಕು ಬೇಕೆಂದು ಪಕೀರಮ್ಮ ಹಿಟ್ಟು ನಾದುವ ಸ್ಟೀಲಿನ ಪರಾತ ತಂದು ಬಿಸಿಲಿಗೆ ಹಿಡಿದಳು. ಹಣೆ ಬರಿದಾಗಿ ಕಾಣುತ್ತದೆಂದು ಮೂರು ಬೆರಳು ವಿಭೂತಿಯನ್ನೂ ಬಳಿದಳು. ಪರಾತದ ಬೆಳಕು ಫಳ್ಳೆಂದು ಕಣ್ಣಿಗೆ ಹೊಡೆದು ಮೌನೇಶ ಗಟ್ಟಿಯಾಗಿ ಕಣ್ಣು ಮುಚ್ಚಿದ.

"ಅಲ್ಲಾಡಬ್ಯಾಡ! ಉಸುರು ಹಿಡಿ!" ಎಂದರು ಪಾಶಾ.

ಈಗ ನೀವೇ ನೋಡಿ. ಕುರ್ಚಿಯ ಮೇಲೆ ಕೂತ ಮನುಷ್ಯ, ಹಣೆಯ ತುಂಬ ವಿಭೂತಿ, ಮುಚ್ಚಿದ ಕಣ್ಣು, ಮಿಸುಕಾಟವಿಲ್ಲ, ಮೇಲೆ ಬಿಳಿ ಬಟ್ಟೆ, ಸುತ್ತ ಓಣಿಯ ಮಂದಿ. ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಮಣ್ಣಿಗೊಯ್ಯುವ ಮೊದಲು ಹೀಗೆ ಕೂರಿಸುವುದು ಯಾರನ್ನು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು.

ಓಣಿಯ ಬಾಯಿಗೇ ದೇವದುರ್ಗದ ರಸ್ತೆ. ಹೊರಟಿದ್ದ ಬಸ್ಸು ನಿಧಾನವಾಯಿತು. ಒಳಗಿದ್ದವರು ಕಿಟಕಿಯಲ್ಲೇ ಕೈ ಮುಗಿದರು. ಸಂತೆ ಚೀಲ ಹಿಡಿದು ನಡೆದಿದ್ದ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ಹತ್ತಿರ ಬಂದು, ಮುಖ ನೋಡಿ, ಸೆರಗು ಬಾಯಿಗಿಟ್ಟು ಹಾಡಿಕೊಂಡು ಅಳತೊಡಗಿದಳು.

"ಅಯ್ಯೋ ನನ್ನಪ್ಪಾ, ಇನ್ನೂ ಮದಿವಿನೂ ಆದಂಗಿಲ್ಲಲ್ಲೋ!"

ಮೌನೇಶ ಒಂದು ಕಣ್ಣು ತೆರೆದ. "ಇಲ್ಲವ್ವ, ಅದಕ್ಕಂತನ ಇಷ್ಟೆಲ್ಲ ಮಾಡಾಕತ್ತೀವಿ" ಎಂದ.

ಅವಳ ಚೀಲದಿಂದ ಹಾರಿದ ಬದನೆಕಾಯಿ ಪರಾತಕ್ಕೆ ಬಡಿದು ಢಣ್ ಎಂದಿತು. ಧೋತರ ಹಿಡಿದಿದ್ದವರು ನಗು ತಡೆಯಲಾರದೆ ಕೈ ಬಿಟ್ಟರು. ಧೋತರ ಮೌನೇಶನನ್ನು ತಲೆಯಿಂದ ಕಾಲಿನವರೆಗೂ ಮುಚ್ಚಿತು. ಹೆಂಗಸು ಚಪ್ಪಲಿಯನ್ನೂ ಬಿಟ್ಟು ಓಡಿದಳು.

ಒಂದು ತಾಸಿನಲ್ಲಿ ಮಲ್ಲಯ್ಯನವರ ಫೋನು.

"ಮೌನೇಶಪ್ಪಾ, ಅದೀಯೋ ಇಲ್ಲೋ?"

"ಅದೀನ್ರಿ ಅಯ್ಯಾರ!"

"ಬಸ್ಸಿನವ್ರು ಬಂದು 'ಮೌನೇಶ ತೀರಕೊಂಡ' ಅಂದ್ರಪಾ. ಹುಡುಗಿ ಮನ್ಯಾಗೂ ಸುದ್ದಿ ಮುಟ್ಟೇದ. ಈಗ ಇನ್ನೊಂದು ಕರಾರು ಹಾಕ್ಯಾರ. ಫೋಟೋದಾಗ ಕಣ್ಣು ತೆರದಿರಬೇಕಂತ."

ಐದು ಗಂಟೆಗೆ ಮೌನೇಶ ಸೋತು ಕಟ್ಟೆಯ ಮೇಲೆ ಕುಸಿದಿದ್ದ. ಇಷ್ಟೊತ್ತೂ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಅಮರೇಶ ಎದ್ದು ಬಂದ.

"ಅಣ್ಣಾ, ಹೊಸ್ತಲ ಒಳಗ ಒಂದು ಹೆಜ್ಜಿ ನಿಂದರ್ರಿ."

"ಒಳಗಾ? ಕತ್ತಲಿಲ್ಲೇನೋ ಅಲ್ಲಿ?" ಎಂದರು ಪಾಶಾ.

"ನಾಕು ವರ್ಷದಾಗ ನಾಕೈದು ಸಾವಿರ ಮನಿ ಫೋಟೋ ತೆಗದೀನಿ ಚಾಚಾ. ಬಯಲಿಗೆ ನಿಂತವ್ರೆಲ್ಲ ಮಾರಿ ಕಿವುಚತಾರ. ಬಾಗಿಲ ಕೂಡಿಸದ ಹೊಸ ಮನಿ ಹೊಸ್ತಲದಾಗ ನಿಂತವ್ರು ಮಾತ್ರ ಭಾಳ ಚಂದ ಕಾಣ್ತಾರ. ಮೊದಲು ಹೊಸ ಮನಿ ಖುಷಿಗೆ ಹಂಗ ಕಾಣ್ತಾರ ಅಂದ್ಕೊಂಡಿದ್ದೆ. ಆಮ್ಯಾಲ ಗೊತ್ತಾತು, ಎದುರಿನ ಗೋಡಿ ಮ್ಯಾಲೆ ಬಿದ್ದ ಬಿಸಿಲು ತಿರುಗಿ ಅವರ ಮುಖಕ್ಕ ಬರ್ತದ ಅಂತ."

ಎದುರಿಗೆ ಪಾಶಾರ ಸ್ಟುಡಿಯೋದ ಸುಣ್ಣ ಬಳಿದ ಗೋಡೆ ಇಳಿಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಮೌನೇಶ ಹೊಸ್ತಿಲಲ್ಲಿ ನಿಂತ. ಆಗಲೇ ಪಕೀರಮ್ಮ ಕೂಗಿದಳು.

"ಏ ಮೌನಪ್ಪಾ, ಅಕಿ ಮತ್ತ ಬಂದ್ಲು ನೋಡೋ! ಚಪ್ಲಿ ಒಯ್ಯಾಕ ಬಂದಾಳ, ಇರಲಿ ಅಂತ ಹೂವಿನ ಮಾಲಿನೂ ತಂದಾಳ!"

ಮೌನೇಶ ಹೊಟ್ಟೆ ತುಂಬ ನಕ್ಕ. ಅಮರೇಶ ಒತ್ತಿದ.

ಎಲ್ಲರೂ ಫೋನಿನ ಮೇಲೆ ಬಾಗಿದರು. ಕೆನ್ನೆಯ ತಗ್ಗು, ಕಣ್ಣಂಚಿನ ಗೆರೆ, ಹಣೆಯ ಮೇಲೆ ಉಳಿದ ವಿಭೂತಿ ಎಲ್ಲವೂ ಇದ್ದವು, ಆದರೂ ಅದು ಎಂಥ ಚೆಂದದ ಮುಖ! ಪಾಶಾ ಕನ್ನಡಕ ಏರಿಸಿ ನೋಡಿ, "ಮೂವತ್ತು ವರ್ಷ ನನ್ನ ಗೋಡಿ ಎದುರಿಗೇ ಇತ್ತಲ್ಲೋ" ಎಂದರು. ಮೌನೇಶನ ಕಣ್ಣು ತುಂಬಿ ಬಂತು. ಅವನು ಬೆಳಗಿನಿಂದ ಹುಡುಕುತ್ತಿದ್ದ ಮುಖ ಕೊನೆಗೂ ಸಿಕ್ಕಿತ್ತು.

ಕಳಿಸಿದರು. ಕಾದರು. ಆರು ಗಂಟೆಗೆ ಫೋನು ಬಂತು. ಪಕೀರಮ್ಮ ಸ್ಪೀಕರಿಗೆ ಹಾಕಿಸಿದಳು.

"ಅರ್ಧ ತಾಸು ಫೋಟೋ ಬಿಟ್ಟು ಕಣ್ಣು ತೆಗೀಲಿಲ್ಲಪಾ ಹುಡುಗಿ" ಎಂದರು ಮಲ್ಲಯ್ಯ. "ಸಿಂಧನೂರಿನವ್ರಿಗೆ ಬ್ಯಾಡ ಅಂತ ಹೇಳಿಬಿಟ್ಲು!"

ಓಣಿ ಹೋ ಎಂದಿತು. ಪಕೀರಮ್ಮ ಮೌನೇಶನ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದಳು. ಪಾಶಾ ಅವನನ್ನು ಅಪ್ಪಿಕೊಂಡರು.

"ಇನ್ನೂ ಕೇಳ್ರಪಾ" ಎಂದಿತು ಫೋನು. "ಕೆಳಗಿನ ಅಕ್ಷರಾನೂ ಓದ್ಯಾಳ. ಅಮರೇಶ ಅಂದ್ರ ಯಾರು ಅಂತ ಕೇಳಾಕತ್ಯಾಳ. ಮದಿವಿ ಆಗೇದೇನಂತ?"

ಮೌನೇಶನ ಬಾಯಲ್ಲಿದ್ದ ಸಕ್ಕರೆ ಕರಗುವುದನ್ನು ನಿಲ್ಲಿಸಿತು.

"ಸಿಟ್ಟಾಗಬ್ಯಾಡಪಾ, ಅಕಿ ಮಾತು ಹೇಳಾಕತ್ತೀನಿ. 'ನಿಮ್ಮ ಗಂಡಿನ ಮೂರು ಮಾರಿ ಮೊದಲ ನೋಡೀನಿ ಅಯ್ಯಾರ. ಅಂಥ ಮಾರ್ಯಾಗ ಇಷ್ಟು ಚಂದ ಹುಡುಕಿ ತೆಗದವ್ರು ಕಟಗೊಂಡ ಹೆಂಡ್ತೀನ ಹೆಂಗ ನೋಡಿಕೊಂಡಾರು' ಅಂದ್ಲು. ಅವರದೊಂದು ಫೋಟೋ ಕಳಸ್ರಿ. ಇವತ್ತಿಂದು. ಹೊತ್ತು ಮುಳುಗೋದ್ರಾಗ."

ಅಮರೇಶನ ಮುಖ ಯಾವ ಲೈಟೂ ಇಲ್ಲದೆ ಕೆಂಪಾಯಿತು. ನೆಲ ನೋಡುತ್ತ, "ಅಣ್ಣಾ, ನೀವು ಬ್ಯಾಡಂದ್ರ ಬ್ಯಾಡ" ಎಂದ. ಎನ್ನುತ್ತಲೇ ಹೊಸ್ತಿಲೊಳಗೆ ಒಂದು ಹೆಜ್ಜೆ ಇಟ್ಟು ನಿಂತ.

ಪಾಶಾ ಇನ್ನೂ ತಮ್ಮ ಗೋಡೆಯನ್ನೇ ನೋಡುತ್ತ ನಿಂತಿದ್ದರು. ಪಕೀರಮ್ಮನಿಗೆ ಫೋನು ಹಿಡಿಯಲು ಬರದು. ಗೋಡೆಯ ಮೇಲಿನ ಬಿಸಿಲು ಮೇಲಕ್ಕೇರಿ ಹೋಗುತ್ತಿತ್ತು. ಮೌನೇಶನೇ ಅಮರೇಶನ ಫೋನು ತೆಗೆದುಕೊಂಡ. ಕೈ ಅಲುಗಿಸಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ, ಹೊಟ್ಟೆಕಿಚ್ಚು ಯಾರಪ್ಪನ ಮನೆಯದು? ಆದರೆ ಆ ಬೆಳಕು ಅಮರೇಶನ ಮುಖಕ್ಕೆ ಇಳಿದ ಬಗೆ ನೋಡಿ ಅವನಿಗೇ ತಿಳಿಯದೆ ಬೆರಳು ಒತ್ತಿತು.

ಚೆಂದ ಬಂದಿತ್ತು. ತನ್ನದಕ್ಕಿಂತಲೂ ಚೆಂದ. ಹಾಗೆ ನೋಡುತ್ತ ಅವನಿಗೊಂದು ಸಣ್ಣ ಆಸೆ ಹುಟ್ಟಿತು. ಇದನ್ನು ತೆಗೆದವನು ನಾನಲ್ಲವೇ? ಅವಳು ಕೆಳಗಿನ ಅಕ್ಷರವನ್ನೂ ಓದುವವಳಲ್ಲವೇ? ಆಸೆಯಿಂದ ಫೋಟೋವನ್ನು ಮೇಲಕ್ಕೆ ಸರಿಸಿ ಓದಿದ.

ಮಾನ್ವಿ. ಸಂಜೆ ಆರು ಹದಿನೆಂಟು. ತೆಗೆದವರು: ಅಮರೇಶ.