ಗುಂತಕಲ್ಲಿನಾಗ ಗಾಡಿ ಬದಲಿ

ಮೂವತ್ತೈದು ವರ್ಷದ ಹಿಂದೆ, ಸಿಡುಬು ಎದ್ದು ಕಣ್ಣು ಮುಚ್ಚಿದ್ದ ಏಳು ವರ್ಷದ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಸುವಾರ್ತಮ್ಮ ದೇವರಿಗೆ ಒಂದು ಮಾತು ಕೊಟ್ಟಿದ್ದಳು: "ಕರ್ತನೇ, ಇವನ್ನ ಉಳಿಸಿಕೊಡು. ಒಂದಿಲ್ಲೊಂದು ದಿನ ನಿನ್ನ ಹೆಸರು ಕೇಳದ ನಾಡಿಗೆ ನಿನ್ನ ಸುದ್ದಿ ಹೇಳಾಕ ಇವನ್ನ ಕಳಸ್ತೀನಿ."

ಮಗ ಉಳಿದ. ಮುಖದ ಮೇಲೆ ಕುಳಿಗಳೂ ಉಳಿದವು. ಸುವಾರ್ತಮ್ಮ ಸಾಯುವಾಗ ಬಿಟ್ಟುಹೋಗಲು ಹೊಲ ಮನೆ ಏನೂ ಇರಲಿಲ್ಲವಾದ್ದರಿಂದ ಆ ಮಾತೊಂದನ್ನೇ ಮಗನಿಗೆ ಆಸ್ತಿ ಎಂದು ಬಿಟ್ಟುಹೋದಳು.

ಮಗನಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ತಿಮೊಥೆಯ. ಮಾನವಿಯ ಶಾಲೆಯ ಮಾಸ್ತರರಿಗೆ ಅದು ನಾಲಿಗೆಗೆ ಹತ್ತಲಿಲ್ಲ. ಹಾಜರಿಯಲ್ಲಿ 'ತಿಮ್ಮಪ್ಪ' ಎಂದು ಬರೆದುಕೊಂಡರು. ಅಂದಿನಿಂದ ಅವನು ಚರ್ಚಿನೊಳಗೆ ಮಾತ್ರ ತಿಮೊಥೆಯ. ಹೊರಗೆ, ರೇಷನ್ ಕಾರ್ಡಿಗೆ, ಪಗಾರದ ಬಿಲ್ಲಿಗೆ ತಿಮ್ಮಪ್ಪ. ಈಗ ನಲವತ್ತೆರಡು ವರ್ಷ. ಮಾನವಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ಮೂರು ಮಕ್ಕಳು. ಇಪ್ಪತ್ತನೇ ತಾರೀಖಿಗೇ ಮುಗಿಯುವ ಪಗಾರ.

೧೯೭೮ರ ಮಳೆಗಾಲದಲ್ಲಿ ರಾಯಚೂರಿನ ಸಭೆಯವರು ಒರಿಸ್ಸಾದ ಕೋರಾಪುಟ್ ಬೆಟ್ಟಗಳಿಗೆ ಯೇಸುವಿನ ಸುವಾರ್ತೆ ಸಾರಲು ಹತ್ತು ದಿನದ ಪ್ರಯಾಣ ಗೊತ್ತುಮಾಡಿದರು. ಹೋಗುವವರು ತಲೆಗೆ ನೂರಾ ಎಪ್ಪತ್ತೈದು ರೂಪಾಯಿ ಕಟ್ಟಬೇಕು. ಅವ್ವನ ಮಾತು ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವುದಿಲ್ಲವೆಂದು ತಿಮೊಥೆಯ ಹೆಸರು ಕೊಟ್ಟ. ಹೆಸರು ಕೊಟ್ಟು ಸುಮ್ಮನೆ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಎದ್ದು ನಿಂತು, ತುಂಬಿದ ಸಭೆಯಲ್ಲಿ ಘೋಷಣೆ ಮಾಡಿದ:

"ಈ ರೊಕ್ಕಕ್ಕ ನಾನು ಯಾವ ಮನುಷ್ಯನ ಮುಂದೂ ಕೈ ಚಾಚಂಗಿಲ್ಲ. ದೇವರನ್ನಷ್ಟ ಕೇಳ್ತೀನಿ. ರೊಕ್ಕ ಕೂಡೂತನ ಗಡ್ಡಾನೂ ಬೋಳಸಂಗಿಲ್ಲ!"

ಸಭೆ 'ಆಮೆನ್' ಎಂದಿತು. ಅಷ್ಟು ಜೋರಿನ ಆಮೆನ್ ಆ ಚರ್ಚಿನಲ್ಲಿ ಹಿಂದೆಂದೂ ಕೇಳಿರಲಿಲ್ಲ. ಇವನು ತಮ್ಮ ಮನೆಗೆ ವಸೂಲಿಗೆ ಬರುವುದಿಲ್ಲವೆಂಬ ಖುಷಿ ಅದರಲ್ಲಿ ಎಷ್ಟಿತ್ತೆಂದು ತಿಮೊಥೆಯನಿಗೆ ಹೊಳೆದದ್ದು ಆಮೇಲೆ.

ಮೂರು ವಾರವಾಯಿತು. ಗಡ್ಡ ಬೆಳೆಯಿತು. ರೊಕ್ಕ ಮೂವತ್ತೆರಡು ರೂಪಾಯಿಗೆ ನಿಂತಿತು, ಅದೂ ಅವನದೇ. ಕಡೆಯ ಗಡುವು ಶನಿವಾರ ಸಂಜೆ ಆರು ಗಂಟೆ, ರಾಯಚೂರಿನ ಪಾದ್ರಿ ಅಯ್ಯನವರ ಮನೆಯಲ್ಲಿ. ಈಗ ಶನಿವಾರ ಬೆಳಗಾಗಿತ್ತು.

"ಏನ್ ಭಾಯಿ," ಪಕ್ಕದ ಮನೆಯ ಸರ್ವರಿ ಬೇಗಂ ಗೋಡೆಯ ಮೇಲಿಂದ ಇಣುಕಿದಳು, "ಗಡ್ಡ ನಮ್ಮ ಮೌಲಾನಾ ಸಾಬರ ಗಡ್ಡಕಿಂತ ಚಲೋ ಬಂದದ. ರೊಕ್ಕ ಎಷ್ಟು ಬಂತು?"

"ದೇವರು ಕೊಡ್ತಾನವ್ವ."

"ದೇವರು ಕೊಡ್ತಾನ ಅಂತ ನಂಗೂ ಗೊತ್ತದ," ಒಲೆಯ ಮುಂದಿನಿಂದ ಹೆಂಡತಿ ಕರುಣಮ್ಮ ಅಂದಳು. "ಆದ್ರ ಅವಗ ನಮ್ಮ ಮನಿ ಗುರ್ತು ಅದ ಏನು? ಲಗ್ನಾಗಿ ಹದಿನಾಲ್ಕು ವರ್ಷ ಆತು, ರೊಕ್ಕ ತಗೊಂಡು ಒಮ್ಮಿನೂ ಬಂದಿಲ್ಲ. ದೇವದುರ್ಗಕ್ಕ ಹೋಗಿ ನಮ್ಮಣ್ಣನ ಎದುರಿಗೆ ಕುಂದರ್ರಿ."

"ಕೇಳಂಗಿಲ್ಲ ಅಂದೀನಿ, ಕೇಳಂಗಿಲ್ಲ."

"ಕೇಳಬ್ಯಾಡ್ರಿ. ಸುಮ್ಕ ಕುಂದರ್ರಿ. ನಿಮ್ಮ ಮಾರಿ ನೋಡಿದ್ರ ಎಂಥವಗೂ ತಿಳೀತದ."

ಅರಿವೆ ಅಂಗಡಿಯವರು ಕೊಟ್ಟಿದ್ದ ಹಳದಿ ಚೀಲದಲ್ಲಿ ಎರಡು ರೊಟ್ಟಿ ಹಾಕಿ, ಬಸ್ಸಿನ ಚಿಲ್ಲರೆಯ ಜತೆ ಕೈಗೆ ಕೊಟ್ಟಳು. ಮುಖ ತೋರಿಸುವುದು ಕೈ ಚಾಚಿದಂತಾಗುವುದಿಲ್ಲವೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ತಿಮೊಥೆಯ ಹೊರಟ.

ಮಾನವಿಯಿಂದ ದೇವದುರ್ಗಕ್ಕೆ ಹೋಗಿ, ಮಧ್ಯಾಹ್ನ ಅಲ್ಲಿಂದ ಸಿರವಾರದ ಮೇಲೆ ರಾಯಚೂರು ಮುಟ್ಟುವ ಬಸ್ಸಿನ ಕಂಡಕ್ಟರ್ ಹುಸೇನಪೀರ ಹಳೆಯ ಗುರುತಿನವನು. ಟಿಕೆಟ್ ಹರಿಯುತ್ತ ಕೇಳಿದ: "ಏನೋ ತಿಮ್ಮಪ್ಪ, ಗಡ್ಡ ಬಿಟ್ಟೀ?"

"ಬೆಟ್ಟದ ಸೀಮಿಗೆ ಹೊಂಟೀನಪ್ಪ. ದೇವರು ಕರ್ದಾನ."

"ದೂರ ಏನು?"

"ರಾಯಚೂರಾಗ ರೈಲು ಹತ್ತೂದು, ಗುಂತಕಲ್ಲಿನಾಗ ಗಾಡಿ ಬದಲಿ ಮಾಡೂದು."

ಕೋರಾಪುಟ್ ಎಂಬ ಹೆಸರನ್ನು ಅವನು ಬೇಕೆಂದೇ ಹೇಳಲಿಲ್ಲ. ಅದು ಎಲ್ಲಿದೆ, ಯಾಕೆ ಹೋಗುತ್ತೀ, ಖರ್ಚೆಷ್ಟು ಎಂದು ಮಾತು ಬೆಳೆದರೆ ಕೊನೆಗೆ ಕೇಳಿದ ಹಾಗೇ ಆದೀತೆಂಬ ಹೆದರಿಕೆ. ಹುಸೇನಪೀರ 'ವಾಹ್' ಎಂದು ತಲೆದೂಗಿ ಮುಂದೆ ಹೋದ.

ದೇವದುರ್ಗದಲ್ಲಿ ಹೆಂಡತಿಯ ಅಣ್ಣ ಆದೆಪ್ಪ ಹತ್ತಿ ವ್ಯಾಪಾರದಲ್ಲಿ ಕುದುರಿಕೊಂಡಿದ್ದ. ತಿಮೊಥೆಯ ಅವನ ಎದುರಿಗೆ ಕೂತ. ಮುಖ ತೋರಿಸಿದ. ಎಡಕ್ಕೆ ತಿರುಗಿಸಿ ತೋರಿಸಿದ, ಬಲಕ್ಕೆ ತಿರುಗಿಸಿ ತೋರಿಸಿದ. ಊಟದ ಮುಂದೆ ಪ್ರಾರ್ಥನೆ ಮಾಡು ಎಂದಾಗ ಅನ್ನ ಆರುವ ತನಕ ಪ್ರಾರ್ಥಿಸಿದ. ದೂರದ ಬೆಟ್ಟಗಳು, ಅಲ್ಲಿಯ ಜನ, ರೈಲಿನ ದರ, ಇವತ್ತಿನ ಸಂಜೆ ಆರು ಗಂಟೆ, ಉದಾರ ಮನಸ್ಸಿನ ಬಂಧುಗಳು, ಎಲ್ಲವನ್ನೂ ದೇವರಿಗೆ ನೆನಪು ಮಾಡಿಕೊಟ್ಟ.

ಆದೆಪ್ಪನ ಕಣ್ಣಲ್ಲಿ ನೀರು ಬಂತು. "ತಿಮೊಥೆಯ, ನೀ ಸಭಾದಾಗ ಮಾಡಿದ ಶಪಥ ಇಲ್ಲಿತನ ಸುದ್ದಿ ಆಗ್ಯಾದ. ನಿನ್ನಂಥ ನಂಬಿಕಿ ಮನುಷ್ಯಾಗ ನಾನು ರೊಕ್ಕ ಕೊಟ್ರ ನಿನ್ನ ನಂಬಿಕಿಗೆ ಅಪಮಾನ ಮಾಡಿದಂಗ. ಒಂದು ಪೈಸಾ ಕೊಡಂಗಿಲ್ಲ!"

"ಹಂಗೇನಿಲ್ಲ, ಅಪಮಾನ ಅಂತ ನಾನೇನು..."

"ಇಲ್ಲ, ನೀ ಬಾಯಿ ಬಿಟ್ಟು ಹೇಳಿದ್ರೂ ಕೊಡಂಗಿಲ್ಲ. ಬದಲಿಗೆ ನೀನ ನಮ್ಮ ಚರ್ಚಿನ ಮಾಳಿಗಿಗೆ ಐದು ರೂಪಾಯಿ ಕೊಟ್ಟು ಹೋಗು. ನಂಬಿಕಿ ಇದ್ದವರ ಕೈಲೆ ಬಂದ ರೊಕ್ಕ, ತೂಕ ಇರ್ತದ."

ಮೂವತ್ತೆರಡು ಇಪ್ಪತ್ತೇಳಾಯಿತು. ಹೊರಡುವಾಗ, ಕಂಪೌಂಡರ್ ಹೇಗೂ ಬಂದಿದ್ದಾನೆಂದು ಆದೆಪ್ಪ ತನ್ನ ಎಮ್ಮೆಯ ಗೊರಸು ನೋಡಲು ಹೇಳಿದ. ತಿಮೊಥೆಯ ಬಾಗಿ ಒಂದು ಗೊರಸು ನೋಡುವಷ್ಟರಲ್ಲಿ ಎಮ್ಮೆ ಇನ್ನೊಂದನ್ನು ಅವನ ಪಾದದ ಮೇಲೆ ಇಟ್ಟಿತು. ಕಾಲು ಉಳಿಯಿತು, ಚಪ್ಪಲಿ ಹರಿಯಿತು. ಮಧ್ಯಾಹ್ನ ಎರಡು ಗಂಟೆಗೆ ಅವನು ಬರಿಗಾಲಲ್ಲಿ, ಗಡ್ಡದಲ್ಲಿ, ಹೆಗಲಿಗೆ ಹಳದಿ ಚೀಲ ಹಾಕಿಕೊಂಡು, ಕುಂಟುತ್ತ ದೇವದುರ್ಗದ ಬಸ್‌ ನಿಲ್ದಾಣಕ್ಕೆ ಬಂದ.

ಬಸ್ಸು ಕಿಕ್ಕಿರಿದಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಕುಂಟುವ ಗೆಳೆಯನನ್ನು ಕಂಡು ಹುಸೇನಪೀರ ಮರುಗಿದ. ಅವನು ಬಾಗಿಲಿನಿಂದ ಒಂದು ಕೂಗು ಹಾಕಿದ:

"ಏ, ಸರೀರಿ ಆಕಡಿ! ತಿಮ್ಮಪ್ಪಗ ಜಾಗ ಬಿಡ್ರಿ, ಬೆಟ್ಟಕ್ಕ ಹೊಂಟಾನ!"

ಬಸ್ಸು ಒಮ್ಮೆಲೇ ಸುಮ್ಮನಾಯಿತು. ಮೂರು ಜನ ಕೂರುವ ಸೀಟಿನಿಂದ ಐದು ಜನ ಎದ್ದು ನಿಂತರು. ತಿಮೊಥೆಯನಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಜನ್ಮದಲ್ಲಿ ಮೊದಲ ಸಲ.

ಎದುರಿಗಿದ್ದ ಮುದುಕಿ ಕೈ ಮುಗಿದಳು. "ನಾನು ಗದ್ದೆಮ್ಮ, ಯಪ್ಪಾ. ಬೆಟ್ಟಕ್ಕ ಹೊಂಟೀ ಅಂತಲ್ಲ, ಖರೇನ?"

"ಖರೆ ಯವ್ವಾ. ದೇವರು ನಡಸಿದ್ರ."

"ಯಾವ ದಾರಿ ಹಿಡೀತೀ?"

"ಗುಂತಕಲ್ಲಿನಾಗ ಗಾಡಿ ಬದಲಿ."

"ಅದ, ಅದ ದಾರಿ," ಹಿಂದಿನ ಸೀಟಿನವರು ತಿಳಿದವರಂತೆ ತಲೆಯಾಡಿಸಿದರು.

ಗದ್ದೆಮ್ಮ ಸೆರಗಿನ ತುದಿಯಿಂದ ಒಂದು ಸಣ್ಣ ಅರಿವೆಯ ಗಂಟು ತೆಗೆದಳು. "ಐದು ವರ್ಷದಿಂದ ತೆಗೆದಿಟ್ಟೀನಿ ಯಪ್ಪಾ. ಮೊಣಕಾಲು ಹೋದ್ವು, ನನ್ನ ಕೈಲೆ ಹೋಗಾಕ ಆಗವಲ್ದು. ಸ್ವಾಮಿಗೆ ಮುಟ್ಟಸು. ಬ್ಯಾರೇವರ ಕೈಯಾಗ ಕೊಡಬ್ಯಾಡ. ನಿನ್ನ ಕೈಯಾರೆ ಮುಟ್ಟಸ್ತೀನಂತ ಮಾತು ಕೊಡು."

ತಿಮೊಥೆಯ ಎರಡೂ ಕೈಯಿಂದ ಗಂಟು ತೆಗೆದುಕೊಂಡ. ಚರ್ಚಿನ ಮುಖ ನೋಡದ ಬಡ ಮುದುಕಿ! ತಾನು ಬಾಯಿಬಿಟ್ಟು ಕೇಳಿಲ್ಲ, ಕೈ ಚಾಚಿಲ್ಲ. "ದೇವರ ಸಾಕ್ಷಿಯವ್ವ, ನನ್ನ ಕೈಯಾರೆ ಮುಟ್ಟಸ್ತೀನಿ," ಎಂದು ಗಂಟು ಚೀಲಕ್ಕೆ ಹಾಕಿಕೊಂಡ.

ಅಲ್ಲಿಂದ ಬಾಗಿಲು ತೆರೆಯಿತು ನೋಡಿ. ಮುಂದಿನ ಸೀಟಿನಿಂದ ಒಂದು ಗಂಟು, ಹಿಂದಿನಿಂದ ಎರಡು. ಬಾಗಲವಾಡದ ರೈತನೊಬ್ಬ ಜನರ ತಲೆಯ ಮೇಲಿಂದ ಕೈ ಚಾಚಿ ಕೊಟ್ಟ: "ನಮ್ಮ ಎತ್ತು ಸಾಯೂದಿತ್ರೀ, ಬದುಕಿತು. ಅದಕ್ಕ." ದವಾಖಾನೆಯಲ್ಲಿ ತಾನು ಹಾಕಿದ ಮುಲಾಮಿಗೆ ಇಷ್ಟು ದಿನದ ಮೇಲೆ ಒಬ್ಬನಾದರೂ ಉಪಕಾರ ನೆನೆದನಲ್ಲ ಎಂದು ತಿಮೊಥೆಯ ಹಿಗ್ಗಿದ. ಎಲ್ಲರೂ ಅರಿವೆಯಲ್ಲಿ ಕಟ್ಟಿಯೇ ಕೊಡುತ್ತಿದ್ದರು. ಕೊಟ್ಟದ್ದನ್ನು ಮರೆಯಲ್ಲಿಡುವ ಈ ಜನರ ವಿನಯಕ್ಕೆ ಅವನು ಚರ್ಚಿನಲ್ಲಿ ಹೇಳಲು ಮನಸ್ಸಿನಲ್ಲೇ ಒಂದು ಪ್ರಸಂಗ ಸಿದ್ಧ ಮಾಡಿಕೊಂಡ. ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಬೆಳೆದವನಿಗೆ ಅನುಮಾನ ಬರಲಿಲ್ಲವೇ ಎಂದರೆ, ಬರಲಿಲ್ಲ. ಬೇಡಿದ್ದು ಬಂದು ಮಡಿಲಿಗೆ ಬೀಳುವಾಗ ಯಾರೂ ಗಂಟು ಬಿಚ್ಚಿ ನೋಡುವುದಿಲ್ಲ.

ಸಿರವಾರದಲ್ಲಿ ಬಸ್ಸಿನ ಟೈರು ಪಂಕ್ಚರ್ ಆಯಿತು. ಸುದ್ದಿ ಬಸ್ಸಿನಿಂದ ಇಳಿದು ಚಹಾದ ಅಂಗಡಿಗೂ ಹೋಯಿತು; ಒಂದು ತಾಸಿನಲ್ಲಿ ಚೀಲ ತುಂಬಿ, ರೊಟ್ಟಿಗಳು ಅವನ ಕೈಗೆ ಬಂದವು. ದವಾಖಾನೆಯಲ್ಲಿ ಪುಡಿ ತೂಗಿ ತೂಗಿ ಪಳಗಿದ ಕೈ ಅವನದು. ಚೀಲವನ್ನು ಎತ್ತಿ ನೋಡಿದ. ಇನ್ನೂರು ರೂಪಾಯಿಗೆ ಕಡಿಮೆಯಿಲ್ಲ!

ಆದರೆ ಐದು ಹೊಡೆದಿತ್ತು. ಟೈರು ಇನ್ನೂ ನೆಲದ ಮೇಲಿತ್ತು. ಅಷ್ಟರಲ್ಲಿ ರಾಯಚೂರಿಗೆ ಹೋಗುವ ಲಾರಿಯೊಂದು ಚಹಾಕ್ಕೆ ನಿಂತಿತು. ಗಂಡಾಳು ಒಬ್ಬನಿಗೆ ಅದರಲ್ಲಿ ಜಾಗವಿರಲಿಲ್ಲ, ಚೀಟಿಗಿತ್ತು. ತಿಮೊಥೆಯ ಬಸ್ಸಿನ ಟಿಕೆಟ್ಟಿನ ಹಿಂದೆ ಹುಸೇನಪೀರನ ಪೆನ್ಸಿಲ್ಲಿನಿಂದ ಬರೆದ: 'ಅಯ್ಯನವರಿಗೆ. ದೇವರು ಪೂರ್ತಿ ಕೊಟ್ಟಿದ್ದಾನೆ. ತಡವಾಗಿ ಬರುತ್ತೇನೆ.' ಅಲ್ಲಿಗೆ ಸಾಕಿತ್ತು. ಜಾಗ ಉಳಿದಿತ್ತಾದ್ದರಿಂದ ಇನ್ನೊಂದು ಸಾಲು ಸೇರಿಸಿದ: 'ನನಗೆ ಯಾವ ಮನುಷ್ಯನ ಸಹಾಯವೂ ಬೇಕಿಲ್ಲ.' ಲಾರಿ ಹೊರಟುಹೋಯಿತು.

ಅವನು ರಾಯಚೂರಿನ ಅಯ್ಯನವರ ಮನೆ ಮುಟ್ಟಿದಾಗ ಏಳೂವರೆ. ಮೇಜಿನ ಮೇಲೆ ಚೀಲ ಸುರಿದ. ಗಂಟುಗಳು ಸಂತೆಯ ಈರುಳ್ಳಿಯಂತೆ ಉರುಳಿದವು.

"ಬಾಯಿ ಬಿಟ್ಟು ಕೇಳಿಲ್ರೀ ಅಯ್ಯನೋರೆ! ಒಬ್ಬರನ್ನೂ ಕೇಳಿಲ್ಲ!"

ಅಯ್ಯನವರು ಕನ್ನಡಕ ಹಾಕಿಕೊಂಡು ಮೊದಲನೆಯ ಗಂಟು ಬಿಚ್ಚಿದರು. ಒಂದೂಕಾಲು ರೂಪಾಯಿ, ನಾಲ್ಕು ಕಾಳು ಅರಿಶಿನ ಹಚ್ಚಿದ ಅಕ್ಕಿ. ಎರಡನೆಯದರಲ್ಲಿ ಐದು ರೂಪಾಯಿ, ಕೂಸಿನ ಕೂದಲಿನ ಒಂದು ಎಸಳು. ಮೂರನೆಯದು ಬಾಗಲವಾಡದ ರೈತನದು. ಅದರೊಳಗಿಂದ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಬೆಳ್ಳಿಯ ಎತ್ತೊಂದು ಹೊರಬಿದ್ದು ಮೇಜಿನ ಮೇಲೆ ನಿಂತಿತು.

ತಿಮೊಥೆಯ ಎತ್ತನ್ನು ನೋಡಿದ. ಎತ್ತು ತಿಮೊಥೆಯನನ್ನು ನೋಡಿತು.

"ತಿಮೊಥೆಯ," ಅಯ್ಯನವರು ಮೆಲ್ಲಗೆ ಕೇಳಿದರು, "ಬಸ್ಸಿನಾಗ ನಿನ್ನ ಏನಂತ ಕರೆದ್ರು?"

"ತಿಮ್ಮಪ್ಪ ಅಂತ್ರೀ."

"ಎಲ್ಲಿಗೆ ಹೊಂಟೀ ಅಂದ್ರು?"

"ಬೆಟ್ಟಕ್ಕ..." ಮಾತು ಅರ್ಧಕ್ಕೇ ನಿಂತಿತು. ಬರಿಗಾಲು, ಗಡ್ಡ, ಹಳದಿ ಚೀಲ, ಶ್ರಾವಣ ಶನಿವಾರ. ಅವನು ಕುರ್ಚಿ ಹುಡುಕದೆ ನೆಲದ ಮೇಲೇ ಕೂತ. "ಅಯ್ಯೋ, ಇವು ತಿರುಪತಿ ತಿಮ್ಮಪ್ಪನ ಮುಡುಪು!"

"ಹೌದಪ. ಮಂದಿ ಹರಕಿ ಹೊತ್ತು, ಬಿಗಿದು ಕಟ್ಟಿ, ಹುಂಡಿಗೆ ಹಾಕು ಅಂತ ನಿನ್ನ ಕೈಯಾಗ ಕೊಟ್ಟಾರ. ಒಳ್ಳೆ ಮಂದಿ. ತಿರುಗಿ ಕೊಡಾಕ ಹೆಸರು ಬರಕೊಂಡೀ?"

"ಗದ್ದೆಮ್ಮ ಅಂತ ಒಂದು ಹೆಸರು ಗೊತ್ತದ್ರೀ. ಊರು ಗೊತ್ತಿಲ್ಲ. ನನ್ನ ಕೈಯಾರೆ ಮುಟ್ಟಸ್ತೀನಂತ ದೇವರ ಸಾಕ್ಷಿ ಹೇಳೀನಿ."

"ಹಂಗಾದ್ರ ಮುಟ್ಟಸಬೇಕು. ಟಪಾಲಿನವ ಕಾಗದ ತನ್ನದಲ್ಲ ಅಂತ ಹಾದ್ಯಾಗ ಒಗಿತಾನೇನು? ಅವರ ನಂಬಿಕಿ ಅವರದು. ಅದನ್ನ ಮುರಿಯೋ ಹಕ್ಕು ನಿನಗಿಲ್ಲ."

ತಿಮೊಥೆಯ ಉರುಳಿದ ಗಂಟುಗಳನ್ನು ತಿರುಗಿ ಚೀಲಕ್ಕೆ ತುಂಬಿದ. ಅವ್ವನ ಮುಖ ಕಣ್ಣಿಗೆ ಕಟ್ಟಿತು. ಮೂರು ವಾರ ಒಳಗೇ ಬಿಗಿಹಿಡಿದ ಮಾತು ಕೊನೆಗೂ ಬಾಯಿಗೆ ಬಂತು. "ಅಯ್ಯನೋರೆ, ಕೇಳಂಗಿಲ್ಲ ಅಂದಿದ್ದೆ. ಈಗ ಕೇಳಾಕತ್ತೀನಿ. ನೂರಾ ಎಪ್ಪತ್ತೈದು ರೂಪಾಯಿ ಯಾರಾದ್ರೂ ಕೊಡ್ತಾರೇನ್ರೀ? ಸಾಲ ಅಂತನಾರ?"

ಅಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವುದು ಮುಗಿಯಲೇ ಇಲ್ಲ.

"ಇವತ್ತ ಮಧ್ಯಾಹ್ನ ಬೀದರಿನಿಂದ ಒಂದು ಮನಿಯಾರ್ಡರ್ ಬಂದಿತ್ತು," ಎಂದರು. "ಸರಿಯಾಗಿ ನೂರಾ ಎಪ್ಪತ್ತೈದು. ಕಳಿಸಿದವರು ಹೆಸರು ಹಾಕಿಲ್ಲ. 'ಯಾರನ್ನೂ ಕೇಳದೆ ದೇವರನ್ನೇ ನಂಬಿ ಕೂತವರು ಒಬ್ಬರಿಗೆ' ಅಂತ ಬರೆದಿದ್ರು. ನಿನಗಂತನ ತೆಗೆದಿಟ್ಟಿದ್ದೆ."

"ಎಲ್ಲದ್ರೀ?" ತಿಮೊಥೆಯ ಎದ್ದು ನಿಂತ.

"ಆರಕ್ಕ ಐದು ನಿಮಿಷ ಇರೂವಾಗ ಲಾರಿಯವ ನಿನ್ನ ಚೀಟಿ ತಂದು ಕೊಟ್ಟ. ಯಾವ ಮನುಷ್ಯನ ಸಹಾಯಾನೂ ಬೇಕಿಲ್ಲ ಅಂತ ಬರದಿದ್ದಿ. ಟೇಲರ್ ಮೂಕಪ್ಪ ಅಲ್ಲೇ ಮೂಲ್ಯಾಗ ಕುಂತಿದ್ದ. ಪಾಪ, ಪ್ರಯಾಣಕ್ಕ ಹೆಸರು ಕೊಟ್ಟಿದ್ದ, ಅವನೂ ಯಾರನ್ನೂ ಕೇಳಿದ್ದಿಲ್ಲ. ಕೇಳಂಗಿಲ್ಲ ಅಂತ ಯಾರಿಗೂ ಹೇಳಿದ್ದೂ ಇಲ್ಲ. ಅವಗ ಕೊಟ್ಟೆ."

ಸೋಮವಾರ ರಾಯಚೂರು ನಿಲ್ದಾಣದಲ್ಲಿ ಕೋರಾಪುಟಿಗೆ ಹೋಗುವ ತಂಡವೂ ತಿಮೊಥೆಯನೂ ಒಂದೇ ಗಾಡಿ ಹತ್ತಿದರು. ರಜೆ ಮಂಜೂರಾಗಿತ್ತು, ಬಳಿಯಿದ್ದ ಇಪ್ಪತ್ತೇಳು ರೂಪಾಯಿಯಲ್ಲಿ ತಿರುಪತಿಯ ಟಿಕೆಟ್ ಬಂತು. ಗುಂತಕಲ್ಲಿನಲ್ಲಿ ಎಲ್ಲರೂ ಇಳಿದರು. ಮೂಕಪ್ಪ ಕೈ ಬೀಸಿ ತನ್ನ ಗಾಡಿಗೆ ಹೋದ. ತಿಮೊಥೆಯ ಹಳದಿ ಚೀಲವನ್ನು ಎದೆಗೆ ಅವುಚಿಕೊಂಡು ಇನ್ನೊಂದು ಗಾಡಿ ಹತ್ತಿದ. ಮರುದಿನ ಬೆಟ್ಟದ ಮೇಲೆ ಸಾಲಿನಲ್ಲಿ ಒಂಬತ್ತು ತಾಸು ನಿಂತು, ನಲವತ್ತಾರು ಗಂಟುಗಳನ್ನೂ ಒಂದೊಂದಾಗಿ, ತನ್ನ ಕೈಯಾರೆ ಹುಂಡಿಗೆ ಹಾಕಿದ.

ಕೋರಾಪುಟಿಗೆ ಅವನು ಹೋಗಲಿಲ್ಲ. ಸುವಾರ್ತಮ್ಮ ಕೊಟ್ಟಿದ್ದ ಮಾತು ಈಡೇರಲಿಲ್ಲ.