ಸ್ವಖುಷಿಯಿಂದ ಬರಕೊಟ್ಟ ಮನಿ

ಮನಿ ಕೈ ಬದಲಾಗೋ ದಿನ ಎಂಥಾ ಶಾಣ್ಯಾ ಮನಷ್ಯಾನೂ ಅರ್ಧ ಹುಚ್ಚ ಆಗತಾನ. ಉಳದ ಅರ್ಧ ಹುಚ್ಚು ಖರೀದಿ ಪತ್ರ ಬರಿಯಾವಗ ಹಿಡೀತೈತಿ. ಆ ಬರಿಯಾಂವ ನಾನು. ಬ್ರಿಟಿಷರ ಕಾಲದಾಗ ಹುಬ್ಬಳ್ಳಿ ರಜಿಸ್ಟರ್ ಕಚೇರಿ ಮುಂದ, ಬೇವಿನ ಗಿಡದ ಕೆಳಗ ಚಾಪಿ ಹಾಸಿ, ಮುಂದ ಒಂದು ಡೆಸ್ಕು, ಒಂದು ಮಸಿ ಕುಡಿಕಿ, ಅದರಾಗ ಅದ್ದಿ ಬರಿಯಾಕ ಒಂದು ಟಾಕು, ಹೆಬ್ಬೆಟ್ಟು ಒತ್ತಸಾಕ ಒಂದು ಮಸಿ ಪ್ಯಾಡು ಇಟಗೊಂಡು ಇಪ್ಪತ್ತು ವರ್ಷ ಕುಂತೇನಿ. ಊರಾಗಿನ ಎಷ್ಟೋ ಮನಿ ನನ್ನ ಟಾಕಿನಿಂದನ ಮಾಲಕರನ್ನ ಬದಲಿ ಮಾಡ್ಯಾವ. ನಾ ಮಾತ್ರ ಹಳೇ ಹುಬ್ಬಳ್ಳಿಯೊಳಗ ಬಾಡಿಗಿ ಮನ್ಯಾಗ.

"ಮಂದಿಗೆಲ್ಲಾ ಮನಿ ಬರದು ಕೊಡತೀರಿ. ನಮಗೊಂದು ಯಾವಾಗ ಬರೀತೀರಿ?" ಅಂತ ನಮ್ಮ ಮನಿಯಾಕಿ ದಿನಾ ರೊಟ್ಟಿ ಬಡಿಯೋವಾಗ ಕೇಳಾಕಿ. ಬಡಿಯೋದು ರೊಟ್ಟಿನೋ ನನ್ನನ್ನೋ ಅನ್ನೋದು ಗೊತ್ತಾಗತಿರಲಿಲ್ಲ.

ಬಿ.ಎ. ಹೆಬ್ಬೆಟ್ಟು

ನನಗ ಒಂದು ಕೆಟ್ಟ ಚಟ ಐತಿ, ಮದಲ ಹೇಳಿಬಿಡತೇನಿ. ಬರೋ ಮಂದಿಯೊಳಗ ಸಹಿ ಮಾಡಾವರು ಕಡಿಮಿ, ಹೆಬ್ಬೆಟ್ಟು ಒತ್ತಾವರು ಭಾಳ. ಅವರು ಅಂಜಿ ಕೈ ಹಿಂದಕ್ಕ ಜಗ್ಗತಿದ್ರು. ಅದಕ್ಕ ನಾ ಮಾತಾಡೋದ ಬಿಟ್ಟಿದ್ದೆ. ಎದುರಿಗೆ ಎಡಗೈ ಕಂಡ್ರ ಸಾಕು, ಗಪ್ಪನ ಹಿಡಿಯೋದು, ಪ್ಯಾಡಿಗೆ ಒತ್ತೋದು, ಕಾಗದಕ್ಕ ಒತ್ತೋದು. ಕಣ್ಣು ಮಿಟಕಸೋದರಾಗ ಕೆಲಸ ಖಲಾಸ್.

ಒಂದಿನ ಧಾರವಾಡದಿಂದ ಒಬ್ಬ ಮಾಸ್ತರು ಹೆಂಡತಿನ್ನ ಕರಕೊಂಡು ಬಂದ್ರು. ಇಸ್ತ್ರಿ ಕೋಟು, ಜರೀ ರುಮಾಲು, ಕಿಸೆದಾಗ ಫೌಂಟನ್ ಪೆನ್ನು. ಕಾಗದ ಓದಿ ಮುಗಿಸಿ, ಎಲ್ಲೆ ಸಹಿ ಮಾಡಲಿ ಅಂತ ಎಡಗೈ ಬಟ್ಟು ಮಾಡಿ ತೋರಿಸಿದ್ರು. ಅಷ್ಟ ನೋಡ್ರಿ, ಒತ್ತಿ ಬಿಟ್ಟೆ!

"ಏ! ನಾ ಬಿ.ಎ. ಅದೀನೋ!" ಅಂತ ಮಾಸ್ತರು ಚೀರಿದ್ರು. "ಬಿ.ಎ. ಆದಾವನ ಹೆಬ್ಬೆಟ್ಟು ಒತ್ತಸತೀಯಾ?"

ಹಿಂದ ನಿಂತಿದ್ದ ಅವರ ಹೆಂಡತಿ ಮುಂದ ಬಂದು, ಕಾಗದ ನೋಡಿ ಹೇಳಿದ್ರು:

"ಇರ್ಲಿ ಬಿಡ್ರಿ. ನಿಮ್ಮ ಅಕ್ಷರಕಿಂತ ಛಲೋ ಬಂದೈತಿ."

ಎಮ್ಮಿ ಇರೋ ದಿಕ್ಕು

ಮನಿ ಮಾರೋವಾಗ ಚೆಕ್ಕುಬಂದಿ ಬರೀಬೇಕಾಗತೈತಿ. ಅಂದ್ರ ಮೂಡಲಕ್ಕ ಯಾರ ಮನಿ, ಪಡವಲಕ್ಕ ಯಾರ ಮನಿ, ನಾಕೂ ದಿಕ್ಕಿಗೆ ಹೆಸರು. ಬೆಂಗೇರಿ ಕಡೆದ ಒಬ್ಬ ಹತ್ತಿ ವ್ಯಾಪಾರಸ್ಥರು ಮೂರು ದಿಕ್ಕು ಸರಳ ಹೇಳಿದ್ರು. ನಾಕನೇದಕ್ಕ ಬಾಯಿ ಮುಚ್ಚಿದ್ರು.

"ಬಡಗಲಕ್ಕ ಯಾರ್ರಿ?"

"ಅವನ ಹೆಸರು ನನ್ನ ಬಾಯಾಗ ಬರಂಗಿಲ್ಲ. ಹನ್ನೆರಡು ವರ್ಷ ಆತು. ಅವನ ಮಾಳಗಿ ನೀರು ನನ್ನ ಗ್ವಾಡಿಗೆ ಬೀಳತೈತಿ."

"ಬಾಯಾಗ ಬರೋದು ಬ್ಯಾಡ್ರೀ, ಕಾಗದದಾಗ ಬಂದ್ರ ಸಾಕು."

"ಕಾಗದದಾಗೂ ಬ್ಯಾಡ. ನನ್ನ ಕಾಗದದಾಗ ಅವನೇನು ಮಾಡತಾನ? ಎಮ್ಮಿ ಕಟ್ಟಿದ ಮನಿ ಅಂತ ಬರಿ."

ಎಷ್ಟು ಬೇಡಿಕೊಂಡ್ರೂ ಕೇಳಲಿಲ್ಲ. ಹಂಗ ಬರದೆ. ಒಳಗ ರಜಿಸ್ಟ್ರಾರ ಸಾಹೇಬ್ರು ಗಟ್ಟ್ಯಾಗಿ ಓದಿದ್ರು: "ಬಡಗಲಕ್ಕ ಎಮ್ಮಿ ಕಟ್ಟಿದ ಮನಿ." ಕನ್ನಡಕ ಕೆಳಗಿಳಿಸಿ ನನ್ನ ಮಾರಿ ನೋಡಿದ್ರು.

"ಏನಪಾ ಇದು? ನಾಳೆ ಎಮ್ಮಿ ಮಾರಿದ್ರ ಚೆಕ್ಕುಬಂದಿ ಎಲ್ಲೆ ಹುಡಕೋದು?"

"ಮಾರಂಗಿಲ್ರೀ, ಆ ಎಮ್ಮಿ ಒಂದ ಅವನ ಮನ್ಯಾಗ ಶಾಣ್ಯಾದು," ಅಂದ್ರು ವ್ಯಾಪಾರಸ್ಥರು.

ಆವಾಗ ಕಿಡಕ್ಯಾಗಿಂದ ಒಂದು ತಲಿ ಒಳಗ ಬಂತು. ಬಡಗಲ ದಿಕ್ಕಿನಾಂವನ! ಏನು ಬರಸ್ತಾರ ನೋಡೂಣು ಅಂತ ಮುಂಜಾನಿಂದ ಅಲ್ಲೇ ನಿಂತಿದ್ನಂತ.

"ಸಾಹೇಬ್ರ," ಅಂದ, "ಎಮ್ಮಿ ಹೋದ ಸೋಮವಾರನ ಮಾರೇನ್ರಿ. ಈಗ ಬರಿ ಅನ್ರಿ ನನ್ನ ಹೆಸರು!"

ಬಲ್ಲಂಥ ಸಾಕ್ಷಿ

ಇದು ಸಣ್ಣದು. ಮಾರಾವನ ಗುರ್ತು ಹೇಳಾಕ ಒಬ್ಬ ಸಾಕ್ಷಿ ಬೇಕು. ಒಬ್ಬ ಮಾರಾಂವ ತನ್ನ ಓಣ್ಯಾಗಿನ ಕಾಕಾನ್ನ ಚಹಾ ಕುಡಿಸಿ ಕರಕೊಂಡು ಬಂದಿದ್ದ.

"ಇವರನ್ನ ನೀವು ಬಲ್ಲಿರೇನು?" ಅಂತ ಸಾಹೇಬ್ರು ಕೇಳಿದ್ರು.

"ಅಂಗಿ ಹಾಕಿಕೊಳ್ಳದ ವಯಸ್ಸಿನಿಂದ ಬಲ್ಲೆ," ಅಂದ ಕಾಕಾ. ಆಮ್ಯಾಲ ಖರೀದಿ ಮಾಡಾವನ ಕಡೆ ಹೊಳ್ಳಿದ. "ಇವನ ಮನಿನೂ ಬಲ್ಲೆ. ಮಳಿ ಬಂದ್ರ ಅಡಗಿ ಮನ್ಯಾಗ ಛತ್ರಿ ಹಿಡದ ಉಣ್ಣತಾರ. ತಗೋಬ್ಯಾಡ್ರೀ ಯಪ್ಪಾ!"

ಆಯಿ ಖುಷಿ

ಈಗ ನಂದು ಕೇಳ್ರಿ.

ನಮ್ಮ ಬಾಡಿಗಿ ಮನಿ ಮಾಲಕತಿಗೆ ಓಣ್ಯಾಗೆಲ್ಲಾ ಆಯಿ ಅಂತಿದ್ರು. ಧಾರವಾಡದಾಗ ಮಗಳ ಮನಿಗೆ ಹೋಗಿ ಇರೋದು ಅಂತ ಆಯಿ ಮನಿ ಮಾರಾಕ ನಿಂತಳು. ಒಬ್ಬ ದಲಾಲ ಗೋಡಾನು ಮಾಡಾಕ ಮನಿ ಕೇಳಾಕತ್ತಿದ್ದ. ಅವಗ ಹೋತಂದ್ರ ನಾವು ಬೀದಿಗೆ. ಆದರ ಆಯಿ, "ನಿನಗ ಕೊಡತೇನಿ ತಮ್ಮಾ. ನಾ ಹಚ್ಚಿದ ತುಳಸಿಗೆ ನಿನ್ನ ಹೆಂಡತಿ ನೀರು ಹಾಕತಾಳ," ಅಂದಳು. ನನ್ನ ಕಣ್ಣಾಗ ನೀರು ಬಂತು. ಆ ರಾತ್ರಿ ಬರದ ಕಾಗದದಷ್ಟು ಚಂದ ಕಾಗದ ನಾ ಎಂದೂ ಬರದಿಲ್ಲ.

ಮರುದಿನ ಕಚೇರ್ಯಾಗ ನನ್ನ ಕಾಗದ, ಪ್ಯಾಡು ಮೇಜಿನ ಮ್ಯಾಲ ಇಟ್ಟೆ. ಸಾಹೇಬ್ರು ಕೇಳಿದ್ರು: "ಆಯಿ, ಈ ಮನಿ ನೀವು ಸ್ವಖುಷಿಯಿಂದ ಕೊಡಾಕತ್ತೀರೇನು?"

"ಇಲ್ಲ," ಅಂದಳು ಆಯಿ.

ನಾ ಆಯಿ ಕಡೆ ಹೊಳ್ಳಿದೆ.

"ಕೊಡತೇನಿ," ಅಂದಳು. "ಖುಷಿಯಿಂದ ಕೊಡಂಗಿಲ್ಲ. ಒಂಬತ್ತು ವರ್ಷದಾಕಿ ಇದ್ದಾಗ ಆ ಹೊಸ್ತಿಲಾ ದಾಟಿ ಬಂದೇನಿ. ಮನಿ ಬಿಡಾಕ ಯಾರಿಗರ ಖುಷಿ ಆಗತೈತೇನು? ದೇವರ ಆಣಿ ಮಾಡಿಸಿ ಸುಳ್ಳು ಹೇಳಸ್ತೀರೇನು?"

ಈ ಸಾಹೇಬ್ರು ಹೊಸದಾಗಿ ವರ್ಗಾ ಆಗಿ ಬಂದಾವರು, ಕಾಯದೆ ಅಂದ್ರ ಕಾಯದೆ. "ಕಾಗದದಾಗ ಸ್ವಖುಷಿ ಅಂತ ಬರದೈತಿ. ಖುಷಿ ಇಲ್ಲಂದ್ರ ಯಾರೋ ಜುಲುಮಿ ಮಾಡ್ಯಾರ ಅಂತಾತು. ರಜಿಸ್ಟರ್ ಆಗಂಗಿಲ್ಲ."

ಇಪ್ಪತ್ತು ವರ್ಷ ಆ ಶಬ್ದ ಬರದೇನ್ರಿ ನಾನು, ಒಮ್ಮೆನೂ ವಿಚಾರ ಮಾಡಿರಲಿಲ್ಲ! ಆಯಿ ಕಾಲಿಗೆ ಬಿದ್ದೆ.

"ಆಯಿ, ಧಾರವಾಡದಾಗ ಮೊಮ್ಮಕ್ಕಳು ಅದಾರಲ್ಲ, ಅದಕ್ಕರ ಖುಷಿ ಇಲ್ಲೇನು?"

"ಅವು ನಿದ್ದಿ ಮಾಡಾಕ ಬಿಡಂಗಿಲ್ಲ."

"ಪೇಡೆ ತಿನಬಹುದಲ್ಲ?"

"ಹಲ್ಲಿಗೆ ಅಂಟತಾವ. ಇರೋದ ಎರಡು."

"ಸಾಕಿದು!" ಅಂತ ಸಾಹೇಬ್ರು ಎದ್ದು ನಿಂತ್ರು. ನನ್ನ ಕಾಗದ ಎತ್ತಿ, "ಹಿಡಿ ನಿನ್ನ ಕಾಗದ!" ಅಂತ ಮೇಜಿನ ಮ್ಯಾಲ ನನ್ನ ಮುಂದ ಒಗದ್ರು. ಮನಿ ಹೋತು, ಹೆಂಡತಿಗೆ ಏನು ಹೇಳಲಿ ಅಂತ ನನಗ ಕಣ್ಣು ಕತ್ತಲಿ ಬಂದಿತ್ತು. ಆ ಕತ್ತಲ್ಯಾಗ ಎದುರಿಗೆ ಒಂದು ಎಡಗೈ ಕಂಡಿತು.

ಗಪ್ಪನ ಹಿಡದೆ. ಪ್ಯಾಡಿಗೆ ಒತ್ತಿದೆ. ಕಾಗದಕ್ಕ ಒತ್ತಿದೆ.

ಬಾಗಲ ಕಾಯೋ ಪಟ್ಟೇವಾಲಾ ಗ್ವಾಡಿ ಕಡೆ ಮಾರಿ ಮಾಡಿ ನಿಂತ. ಸಾಹೇಬ್ರು ತಮ್ಮ ಕರೀ ಹೆಬ್ಬೆಟ್ಟು ನೋಡಿದ್ರು, ಕಾಗದ ನೋಡಿದ್ರು. ಬರಕೊಡಾವರು ಒತ್ತೋ ಜಾಗಾದಾಗ ಸಾಹೇಬ್ರ ಹೆಬ್ಬೆಟ್ಟು ಕುಂತಿತ್ತು, ಒಂದು ಗೆರಿ ತಪ್ಪದಂಗ.

ಆಯಿ ಬಗ್ಗಿ ನೋಡಿದಳು. "ಯವ್ವಾ! ಮನಿ ನಂದು, ಮಾರಿದವರು ಸಾಹೇಬ್ರೇನೋ ತಮ್ಮಾ?" ಅಂದಳು, ಮತ್ತ ನಗಾಕ ಸುರು ಮಾಡಿದಳು. ಹೊಟ್ಟಿ ಹಿಡಕೊಂಡು, ಸೆರಗಿನಿಂದ ಕಣ್ಣು ಒರಸ್ಕೋತ, ಆ ಎರಡೂ ಹಲ್ಲು ತೋರಿಸಿ ನಕ್ಕಳು.

ಸಾಹೇಬ್ರು ಸಿಟ್ಟಿಗೆದ್ದ ಮಾರಿಯಿಂದನ ಕುರ್ಚಿ ಮ್ಯಾಲ ಕುಂತು, ಟಾಕು ಎತ್ತಿಕೊಂಡ್ರು. "ಈಗ ಖುಷಿ ಆತೇನ್ರೀ ಆಯಿ?"

"ಆತ್ರೀ! ಭಾಳ ಖುಷಿ ಆತು. ಲಗೂ ಬರಕೋರಿ, ಹೋಗಿಬಿಡತೈತಿ!"

ಆದರ ಆ ಕಾಗದ ಕೆಟ್ಟಿತ್ತು. ಹೊಸಾ ಸ್ಟಾಂಪ್ ಕಾಗದ ತಂದು, ಬೇವಿನ ಗಿಡದ ಕೆಳಗ ಕುಂತು ಮದಲಿಂದ ಬರೀಬೇಕು. ಅಷ್ಟರಾಗ ಆಯಿ ಖುಷಿ ಇಳದ್ರ? ನಡುನಡುವ ಎದ್ದು ಹೋಗಿ ಕಿಡಕ್ಯಾಗ ಹಣಿಕಿ ಹಾಕಿ ನೋಡತಿದ್ದೆ. ಒಳಗ ಆಯಿ ಎದುರಿಗೆ ಸಾಹೇಬ್ರು ಕುಂತಿದ್ರು. ಮನಿ ನೆನಪಾಗಿ ಆಯಿ ಮಾರಿ ಬಾಡಿದಾಗೊಮ್ಮೆ ತಮ್ಮ ಕರೀ ಹೆಬ್ಬೆಟ್ಟು ಎತ್ತಿ ಆಕಿಗೆ ತೋರಸಾಕತ್ತಿದ್ರು.