ಸೊಂಡಿಲ ತುದಿಯ ದಾರ

ಹೆಂಡತಿ: ಆನೆ ಅಂದ್ರೆ ಆನೆ ಥರ ಇರ್ಬೇಕು ಕಣ್ರೀ. ಇದೇನಿದು, ನಾಲ್ಕು ಕಂಬದ ಮೇಲೆ ನೀರಿನ ಟ್ಯಾಂಕು ಕೂರಿಸಿದ ಹಾಗಿದೆ.

ಮೇಸ್ತ್ರಿ: ಕಂಬ ನೆಟ್ಟಗಿದ್ರೆ ತಾನೇ ಆನೆ ನಿಲ್ಲೋದು? ಕಾಲು ಸೊಟ್ಟ ಎಬ್ಬಿಸಿ, ನಾಳೆ ಬಿದ್ರೆ ಯಾರು ಜವಾಬ್ದಾರಿ?

ಹೆಂಡತಿ: ಹೊದಿಕೆ ಮೇಲಿನ ಆನೆ ಎಲ್ಲಿಗೆ ಬೀಳತ್ತೆ?

ಮೇಸ್ತ್ರಿ: ಅದೆಲ್ಲ ಗೊತ್ತಿಲ್ಲ. ಮೂವತ್ತೆರಡು ವರ್ಷದಲ್ಲಿ ನಾನು ಕಟ್ಟಿದ್ದು ಒಂದೂ ಬಿದ್ದಿಲ್ಲ.

ಇದು ಅವರ ಬಾಯಿಪಾಠ. ಗಾರೆ ಮೇಸ್ತ್ರಿ ಯಾವ ಮಾತು ಶುರು ಮಾಡಿದರೂ ಕೊನೆಗೆ ಬಂದು ನಿಲ್ಲುವುದು ಬೀಳದ ಗೋಡೆಗಳ ಹತ್ತಿರವೇ. ಪಾಪ, ಕರಣೆ ಹಿಡಿದು ಜಡ್ಡುಗಟ್ಟಿದ ಆ ಕೈಗೆ ಕಸೂತಿಯ ಕೊಕ್ಕೆಸೂಜಿ ಬಂದದ್ದು ಅವರ ತಪ್ಪಲ್ಲ. ಮೂರು ದಿನದ ಕೆಳಗೆ ಕುಂಬಳಕಾಯಿ ಹೆಚ್ಚಲು ಹೋಗಿ ಹೆಂಡತಿ ತನ್ನ ಹೆಬ್ಬೆರಳನ್ನೇ ಹೆಚ್ಚಿಕೊಂಡಿದ್ದಳು. ಡಾಕ್ಟರು ಬೆರಳಿಗೆ ಮೂರು ಹೊಲಿಗೆ ಹಾಕಿ, ಹದಿನೈದು ದಿನ ಈ ಕೈಯಲ್ಲಿ ಏನನ್ನೂ ಹಿಡಿಯಬೇಡಿ ಅಂದುಬಿಟ್ಟರು. ಮರದ ಚೌಕಟ್ಟಿಗೆ ಬಿಗಿದ ಬಿಳಿ ಹೊದಿಕೆಯಲ್ಲಿ ಸುತ್ತಲಿನ ಹೂಬಳ್ಳಿ ಮುಗಿದಿತ್ತು, ನಡುವಿನ ಆನೆ ಮಾತ್ರ ಪೆನ್ಸಿಲ್ಲಿನ ಗೆರೆಯಾಗಿಯೇ ಉಳಿದಿತ್ತು.

ಹೊದಿಕೆ ಮೊದಲ ಮೊಮ್ಮಗುವಿಗೆ. ಇವತ್ತು ನಾಲ್ಕು ಗಂಟೆಗೆ ಮಗಳು, ಮಗು, ಜೊತೆಗೆ ಬೀಗಿತ್ತಿ ಬರುವವರಿದ್ದರು. ಈ ಬೀಗಿತ್ತಿ ಆಗಲೇ ಮಗುವಿಗೆ ಮಿಷನ್ನಿನಲ್ಲಿ ಹನ್ನೆರಡು ಮೊಲ ಹೊಲಿಸಿದ ಹೊದಿಕೆ ಕೊಟ್ಟಾಗಿತ್ತು. ಸಾಲದ್ದಕ್ಕೆ ಫೋನಿನಲ್ಲಿ, ಈ ವಯಸ್ಸಲ್ಲಿ ನಿಮ್ಮ ಕೈಲಿ ಎಲ್ಲಿ ಆಗತ್ತೆ ಬಿಡಿ ಅಂತ ಬೇರೆ ಅಂದಿದ್ದರು. ಮೇಸ್ತ್ರಿ ಹೆಂಡತಿ ಬಿಟ್ಟಾಳೆಯೇ? ಒಂದೊಂದು ಹೊಲಿಗೆಯೂ ನನ್ನ ಕೈಯಲ್ಲೇ ಆಗ್ತಿದೆ ಅಂತ ಹೇಳಿ ಫೋನಿಟ್ಟಿದ್ದಳು. ಮರುದಿನವೇ ಕುಂಬಳಕಾಯಿ ಪ್ರಸಂಗ. ಮಾನ ಉಳಿಯಬೇಕಾದರೆ ಮನೆಯಲ್ಲಿದ್ದ ಇನ್ನೊಂದು ಜೊತೆ ಕೈಯನ್ನು ಹಿಡಿದು ಕೂರಿಸದೆ ಬೇರೆ ದಾರಿ ಇರಲಿಲ್ಲ.

ಸರಪಳಿ ಹೊಲಿಗೆ ಅಂಥ ದೊಡ್ಡ ವಿದ್ಯೆಯೇನಲ್ಲ ಅಂತ ಅವಳು ಮೊದಲ ದಿನವೇ ಧೈರ್ಯ ಹೇಳಿದ್ದಳು. ಎಡಗೈ ಬಟ್ಟೆಯ ಕೆಳಗೆ ದಾರ ಹಿಡಿದಿರಬೇಕು. ಬಲಗೈ ಮೇಲಿನಿಂದ ಕೊಕ್ಕೆ ಇಳಿಸಿ, ದಾರವನ್ನು ಕುಣಿಕೆ ಮಾಡಿ ಮೇಲಕ್ಕೆಳೆಯಬೇಕು. ಆ ಕುಣಿಕೆಯೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಮೇಸ್ತ್ರಿ ಎಲ್ಲಕ್ಕೂ ತಲೆಯಾಡಿಸಿ, ಎದ್ದು ಹೋಗಿ ರಸಮಟ್ಟ ತಂದು ಚೌಕಟ್ಟಿನ ಮೇಲಿಟ್ಟರು. ನೆಲ ಇಳಿಜಾರಿದೆ, ಇಲ್ಲಿ ಕೆಲಸ ಆಗಲ್ಲ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದಳು ಹೆಂಡತಿ. ಎರಡನೆಯ ದಿನ ಆನೆಯ ಕಾಲು ನೆಟ್ಟಗಿದೆಯೇ ನೋಡಲು ಪಕ್ಕದಲ್ಲಿ ತೂಗುಗುಂಡು ಇಳಿಬಿಟ್ಟರು. ಮೂರನೆಯ ದಿನ ಬೆಳಿಗ್ಗೆ ಚೊಂಬು ಹಿಡಿದು ಬಂದು, ಎದ್ದಷ್ಟು ಆನೆಗೆ ನೀರು ಚಿಮುಕಿಸಲು ಹೊರಟವರನ್ನು ಅವಳು ಎಡಗೈಯಲ್ಲಿ ತಡೆದಳು. ಗೋಡೆಗಾದರೆ ನೀರುಣಿಸದೆ ಬಿಡ್ತೀವಾ ಅಂತ ಇವರು. ಕೆಂಪು ದಾರ ಬಣ್ಣ ಬಿಟ್ಟರೆ ನಿಮ್ಮನ್ನು ನಾನು ಬಿಡ್ತೀನಾ ಅಂತ ಅವಳು.

ಆದರೂ ಹೇಳಬೇಕು, ಇವರಿಗೆ ಕೆಲಸ ಹಿಡಿಸಿತ್ತು. ಬಾಲದಿಂದ ಶುರು ಮಾಡಿ, ಎಲ್ಲೂ ದಾರ ಕತ್ತರಿಸದೆ, ಬೆನ್ನು, ಕಾಲು, ಕಿವಿ ಎಲ್ಲ ಒಂದೇ ಎಳೆಯಲ್ಲಿ ತಿರುಗಿಸಿ ಸೊಂಡಿಲಿಗೆ ತಂದಿದ್ದರು. ಒಳಗೊಳಗೇ ಹಿಗ್ಗು ತಡೆಯದೆ ಆಗಾಗ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

ಹೆಂಡತಿ: ಮೂರೂವರೆ ಆಯ್ತು. ಸೊಂಡಿಲು ಮುಗಿಸಿ, ಕೊನೇ ಕುಣಿಕೆಗೆ ಒಂದು ಗಂಟು ಹಾಕ್ಬಿಡಿ. ಮರೀಬೇಡಿ.

ಮೇಸ್ತ್ರಿ: ಗಂಟು ಹಾಕೋದನ್ನ ನನಗೆ ಹೇಳಿಕೊಡ್ತೀಯಾ? ಬಿದಿರು ಬಿಗಿದು ಸಾರವೆ ಕಟ್ಟಿದ ಕೈ ಇದು.

ಅವಳು ತಲೆ ಬಾಚಿಕೊಳ್ಳಲು ಒಳಗೆ ಹೋದಳು. ಮೇಸ್ತ್ರಿ ಕೊನೆಯ ಕುಣಿಕೆ ಎಳೆದರು. ಗಂಟು ಹಾಕಬೇಕು ಅನ್ನುವಷ್ಟರಲ್ಲಿ ಕೈ ತಡೆಯಿತು. ಯಾವ ಒಳ್ಳೆ ಮೇಸ್ತ್ರಿಯೂ ಗೋಡೆಯ ತುದಿಯನ್ನು ಪೂರ್ತಿ ಮುಚ್ಚುವುದಿಲ್ಲ. ಮುಂದೆ ಮನೆಯವರು ಕೋಣೆ ಸೇರಿಸುತ್ತಾರೆ ಅನ್ನುವ ಕಡೆ ಒಂದು ಇಟ್ಟಿಗೆ ಬಿಟ್ಟು ಒಂದನ್ನು ಹೊರಚಾಚಿ ಹಲ್ಲು ಬಿಡುತ್ತಾನೆ, ಹೊಸ ಗೋಡೆ ಬಂದು ಕಚ್ಚಿಕೊಳ್ಳಲಿ ಅಂತ. ನಾಳೆ ಮಗಳಿಗೆ ಎರಡನೆಯದು ಹುಟ್ಟುವುದಿಲ್ಲವೇ? ಆಗ ಇದೇ ಸೊಂಡಿಲ ತುದಿಯಿಂದ ಇನ್ನೊಂದು ಆನೆಯ ಬಾಲ ಶುರುಮಾಡಬಹುದು. ಯೋಚನೆ ಬಂದದ್ದೇ ಗಂಟು ಹಾಕುವುದನ್ನು ಬಿಟ್ಟರು. ಕುಣಿಕೆಯನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ, ಮೇಲಿನಿಂದ ಎರಡು ಸಲ ಎಳೆದು ನೋಡಿದರು. ಭದ್ರವಾಗಿತ್ತು. ಕೆಳಗೆ ಒಂದು ಮೊಳ ದಾರ ಜೋತಾಡಲು ಬಿಟ್ಟು, ಹೊದಿಕೆ ಬಿಚ್ಚಿ ಮಡಿಸಿಟ್ಟರು.

ನಾಲ್ಕಕ್ಕೆ ಸರಿಯಾಗಿ ಬೀಗಿತ್ತಿ ಬಂದರು, ಹಿಂದೆ ಮಗು ಎತ್ತಿಕೊಂಡು ಮಗಳು. ಮಗುವಿಗೆ ನಾಲ್ಕು ತಿಂಗಳು. ಇನ್ನೂ ಒಂದು ಸಲವೂ ಸದ್ದು ಮಾಡಿ ನಕ್ಕಿಲ್ಲ ಅನ್ನುವುದೇ ಎರಡೂ ಮನೆಯವರ ಕೊರಗು. ಗಿಲಕಿ ಅಲ್ಲಾಡಿಸಿ ಅಲ್ಲಾಡಿಸಿ ನನ್ನ ರಟ್ಟೆ ಬಿದ್ದುಹೋಯ್ತು, ಹನ್ನೆರಡು ಮೊಲ ನೋಡಿಯೂ ತುಟಿ ಬಿಚ್ಚಲಿಲ್ಲ ಅಂತ ಬೀಗಿತ್ತಿ ಹೇಳಿಕೊಂಡರು. ಆಮೇಲೆ ಅವರ ಕಣ್ಣು ಹೆಬ್ಬೆರಳಿನ ಪಟ್ಟಿಯ ಮೇಲೆ ಬಿತ್ತು.

ಬೀಗಿತ್ತಿ: ಅಯ್ಯೋ, ಕೈಗೇನಾಯ್ತು?

ಹೆಂಡತಿ: ಏನಿಲ್ಲ, ಆನೆ ಹಾಕುವಾಗ ಸೂಜಿ ಚುಚ್ಚಿತು.

ಬೀಗಿತ್ತಿ: ಸೂಜಿ ಚುಚ್ಚಿದ್ದಕ್ಕೆ ಇಷ್ಟು ದಪ್ಪ ಪಟ್ಟಿಯಾ?

ಹೆಂಡತಿ: ಆನೆ ದೊಡ್ಡದು ನೋಡಿ.

ಮೇಸ್ತ್ರಿ ತಮ್ಮ ಹತ್ತೂ ಬೆರಳನ್ನು ಬೆನ್ನ ಹಿಂದೆ ಅಡಗಿಸಿದರು, ಅವುಗಳ ತುಂಬ ಸೂಜಿ ಚುಚ್ಚಿದ ಗುರುತು. ಮಗಳು ಮಗುವನ್ನು ಚಾಪೆ ಮೇಲೆ ಮಲಗಿಸಿ ಹೊದಿಕೆ ಹೊದಿಸಿದಳು. ಬೀಗಿತ್ತಿ ಕನ್ನಡಕ ಏರಿಸಿ ಬಗ್ಗಿ, ಗೆರೆಗೆರೆಯನ್ನೂ ಬೆರಳಲ್ಲಿ ಸವರಿದರು. ಹೆಂಡತಿ ಉಸಿರು ಬಿಗಿಹಿಡಿದಳು, ಮೇಸ್ತ್ರಿಯೂ ಹಿಡಿದರು.

ಬೀಗಿತ್ತಿ: ಕಾಲು ಏನು ನೇರ ಬಂದಿದೆ ರೀ, ಅಳತೆ ಹಿಡಿದ ಹಾಗೆ. ನಿಜವಾಗ್ಲೂ ನೀವೇ ಹಾಕಿದ್ದಾ?

ಹೆಂಡತಿ: ಮತ್ತಿನ್ಯಾರು? ಬಾಲದಿಂದ ಸೊಂಡಿಲವರೆಗೂ ನಾನೇ.

ಮೇಸ್ತ್ರಿ ತಾವು ಹಾಕಿದ ಆನೆಯನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಸೊಂಡಿಲು ಒಂಚೂರು ಗಿಡ್ಡವಾಯಿತು. ಕಣ್ಣುಜ್ಜಿಕೊಂಡು ನೋಡಿದರೆ ಸೊಂಡಿಲೇ ಇರಲಿಲ್ಲ. ಹೊದಿಕೆಯ ಅಡಿಯಲ್ಲಿ ಪುಟ್ಟ ಮುಷ್ಟಿಗೆ ಜೋತಾಡುವ ದಾರ ಸಿಕ್ಕಿತ್ತು, ಮಗು ಕೈಯಾಡಿಸಿದಂತೆಲ್ಲ ಕುಣಿಕೆಗಳು ಒಂದರ ಹಿಂದೊಂದು ಪಟಪಟನೆ ಕಳಚುತ್ತಿದ್ದವು. ಕಿವಿ ಹೋಯಿತು. ತೂಗುಗುಂಡು ಹಿಡಿದು ಎಬ್ಬಿಸಿದ ಮುಂಗಾಲು ಕಣ್ಣೆದುರೇ ಕುಸಿಯಿತು.

ಬೀಗಿತ್ತಿ: ಇದೇನಿದು, ನಿಮ್ಮ ಆನೆ ಕರಗ್ತಿದೆಯಲ್ಲ?

ಹೆಂಡತಿ: ಆನೆ ನಂದಲ್ಲ. ಅದನ್ನ ಹಾಕಿದ್ದು ಇವರು.

ಮೇಸ್ತ್ರಿ: ಈಗ ತಾನೇ ಬಾಲದಿಂದ ಸೊಂಡಿಲವರೆಗೂ ಅಂದೆ?

ಹೆಂಡತಿ: ಸೊಂಡಿಲು ಎಲ್ಲಿದೆ ತೋರಿಸಿ ನೋಡೋಣ. ಗಂಟು ಹಾಕಿ ಅಂದ್ನಲ್ಲ ರೀ?

ಮೇಸ್ತ್ರಿ: ಹಲ್ಲು ಬಿಟ್ಟಿದ್ದೆ ಕಣೇ, ಎರಡನೇ ಮಗುವಿಗೆ.

ಮಗಳು: ಅಪ್ಪ, ಯಾವ ಎರಡನೇ ಮಗು?

ಜೀವನದಲ್ಲಿ ಮೊದಲ ಸಲ ಮೇಸ್ತ್ರಿಯ ಕಟ್ಟಡವೊಂದು ಬಿದ್ದಿತ್ತು, ಅದೂ ಬೀಗರ ಎದುರಿಗೆ. ಎಲ್ಲಾದರೂ ಮುಖ ಮುಚ್ಚಿಕೊಂಡು ಕೂರೋಣ ಅನ್ನಿಸಿತು. ಆಗ ಚಾಪೆ ಕಡೆಯಿಂದ ಒಂದು ಸದ್ದು ಕೇಳಿತು. ಮಗು ಮುಷ್ಟಿ ತುಂಬ ಕೆಂಪು ದಾರ ಹಿಡಿದು, ಆನೆಯ ಬೆನ್ನು ಕಳಚುವುದನ್ನೇ ನೋಡುತ್ತ, ಕಿಲಕಿಲ ಅಂತ ಹೊಟ್ಟೆ ಕುಲುಕಿಸಿ ನಗುತ್ತಿತ್ತು. ಮಗಳ ಕಣ್ಣಲ್ಲಿ ನೀರು. ಬೀಗಿತ್ತಿ ನೆಲಕ್ಕೇ ಕೂತುಬಿಟ್ಟರು.

ಬೀಗಿತ್ತಿ: ಏನು ವಿದ್ಯೆ ಬೀಗರೇ ಇದು. ಎಲ್ಲಿ ಕಲಿತ್ರಿ?

ಹೆಂಡತಿ: ಹೇಳಿಕೊಟ್ಟಿದ್ದು ನಾನು. ಗಂಟು ಹಾಕಬಾರದು ಅಂತ ಎಷ್ಟು ಸಲ ಹೇಳಿದೆ, ಪಾಪ, ಮರೀದೆ ಹಾಗೇ ಬಿಟ್ಟಿದ್ದಾರೆ.

ಅಷ್ಟರಲ್ಲಿ ಬಾಲವೂ ಕಳಚಿತು. ಬರೀ ಬಿಳಿ ಬಟ್ಟೆ ನೋಡಿದ್ದೇ ಮಗು ತುಟಿ ಮುಂದೆ ಮಾಡಿ ರಾಗ ಎಳೆಯಿತು. ಎಲ್ಲರೂ ಒಟ್ಟಿಗೆ ಮೇಸ್ತ್ರಿ ಕಡೆ ತಿರುಗಿದರು. ಬೀಗಿತ್ತಿ ತಾವೇ ಎದ್ದು ಚೌಕಟ್ಟು ತಂದಿಟ್ಟರು, ಮಗಳು ದಾರದ ಉಂಡೆ ಕೊಟ್ಟಳು. ಮೇಸ್ತ್ರಿ ಕೂತು ಬಟ್ಟೆ ಬಿಗಿದು, ಕೊಕ್ಕೆಸೂಜಿ ಕೈಗೆತ್ತಿಕೊಂಡರು. ಹೆಂಡತಿ ಅವರ ಕಿವಿಯ ಹತ್ತಿರ ಬಗ್ಗಿದಳು.

ಹೆಂಡತಿ: ರೀ, ಈ ಸಲ ಎರಡು ಆನೆ ಹಾಕಿ. ಒಂದಕ್ಕೆ ಮಾತ್ರ ಗಟ್ಟಿಯಾಗಿ ಗಂಟು ಹಾಕಿ. ಅದು ನಾನು ಹಾಕಿದ್ದು.